ಬಿಡಿಭಾಗವಿಲ್ಲದ ಪಿಸ್ತೂಲು
(ಆಕಾಶವಾಣಿ ಭಾಷಣ)

ಮನೆಯಲ್ಲಿ ಒಂದು ಪಿಸ್ತೂಲು ಉಂಟು ಎಂದು ನಾನು ಹೇಳಿದೊಡನೆ ಕೇಳಿದವರು ಮೊದಲು ನನ್ನ ಮುಖವನ್ನು ನೋಡುತ್ತಾರೆ. ಅನಂತರ ಬಾಗಿಲು ಎಷ್ಟು ದೂರದಲ್ಲಿದೆ ಎಂದು ನೋಡುತ್ತಾರೆ. ಬಾನುಲಿಯಲ್ಲಿ ಈ ಎರಡು ತೊಂದರೆಗಳೂ ಇಲ್ಲ. ಆದ್ದರಿಂದ ಮೊದಲಿಗೇ ಹೇಳಿಬಿಡುತ್ತೇನೆ: ನನ್ನ ಪಿಸ್ತೂಲು ಯಾರನ್ನೂ ಹೆದರಿಸುವ ಜಾತಿಯದಲ್ಲ. ಕಾಗದದ ಮೇಲೆ ಅಚ್ಚಾದ ಕರಿಯ ವೃತ್ತವೊಂದೇ ಅದರ ಶತ್ರು. ಆ ವೃತ್ತದ ನಡುವಣ ಹತ್ತಂಕದ ಕಣ್ಣು ಇಪ್ಪತ್ತೈದು ಮೀಟರ್ ದೂರದಲ್ಲಿ 50 ಮಿಲಿಮೀಟರ್ ಅಗಲ, ಅಂದರೆ ಒಂದು ದೊಡ್ಡ ನಿಂಬೆಹಣ್ಣಿನಷ್ಟು. ಒಂದೇ ಕೈಯನ್ನು ಚಾಚಿ, ಉಸಿರನ್ನು ಅರ್ಧದಲ್ಲಿ ನಿಲ್ಲಿಸಿ, ಆ ನಿಂಬೆಹಣ್ಣನ್ನು ಮುಟ್ಟಲು ಯತ್ನಿಸುವುದರಲ್ಲಿ ನನ್ನ ಜೀವಮಾನದ ಎಷ್ಟೋ ಭಾನುವಾರಗಳು ಕಳೆದಿವೆ.

ಅದು ಅಮೇರಿಕೆಯ ಕನೆಕ್ಟಿಕಟ್ ಸಂಸ್ಥಾನದಲ್ಲಿ ಹೈ ಸ್ಟ್ಯಾಂಡರ್ಡ್ ಎಂಬ ಕಂಪೆನಿ ತಯಾರಿಸಿದ್ದು. ಈ ಕಂಪೆನಿ 1926ರಲ್ಲಿ ಹುಟ್ಟಿದ್ದು ಪಿಸ್ತೂಲು ಮಾಡಲಿಕ್ಕಲ್ಲ, ಕೋವಿಯ ನಳಿಗೆಗಳಿಗೆ ಉದ್ದನೆಯ ತೂತು ಕೊರೆಯುವ ಯಂತ್ರಗಳನ್ನು ಮಾಡಲಿಕ್ಕೆ. 1932ರಲ್ಲಿ ಮುಳುಗುತ್ತಿದ್ದ ಇನ್ನೊಂದು ಕಂಪೆನಿಯನ್ನು ಕೊಂಡು ತಾನೇ ಪಿಸ್ತೂಲು ಮಾಡತೊಡಗಿತು. ತೂತು ಕೊರೆಯುವುದನ್ನೇ ವ್ರತವಾಗಿ ಹಿಡಿದವರಿಗೆ ನಳಿಗೆಯ ಮರ್ಮ ತಿಳಿದಿರಬೇಕಷ್ಟೆ. 1960ರ ರೋಮ್ ಒಲಿಂಪಿಕ್ಸಿನಲ್ಲಿ ವಿಲಿಯಂ ಮ್ಯಾಕ್‌ಮಿಲನ್ ಎಂಬ ಅಮೇರಿಕದ ಸೈನ್ಯಾಧಿಕಾರಿ 587 ಅಂಕ ಗಳಿಸಿ, ಸಮಬಲರಾಗಿ ನಿಂತ ಮತ್ತಿಬ್ಬರನ್ನು ಮರುಸ್ಪರ್ಧೆಯಲ್ಲಿ ಸೋಲಿಸಿ, ಕ್ಷಿಪ್ರ ಪಿಸ್ತೂಲು ಸ್ಪರ್ಧೆಯ ಚಿನ್ನವನ್ನು ಗೆದ್ದದ್ದು ಇದೇ ಮನೆತನದ ಪಿಸ್ತೂಲಿನಿಂದ. ಆ ಮನೆತನ 1984ರಲ್ಲಿ ಬಾಗಿಲು ಮುಚ್ಚಿತು. 1993ರಲ್ಲಿ ಟೆಕ್ಸಾಸಿನಲ್ಲಿ ಅದೇ ಹೆಸರಿನಲ್ಲಿ ಬೇರೆ ಕೆಲವರು ಕಾರ್ಖಾನೆ ತೆರೆದರು, ಅದೂ ಉಳಿಯಲಿಲ್ಲ.

ಪಿಸ್ತೂಲು ನನಗೆ ಬಂದದ್ದು ಸೋದರಮಾವನಿಂದ. ನಮ್ಮ ತುಳುನಾಡಿನಲ್ಲಿ ಅಳಿಯಕಟ್ಟಿನ ಮನೆಗಳಿಗೆ ಮಾವನ ಆಸ್ತಿ ಅಳಿಯನಿಗೆ ಬರುವುದು ಹೊಸತಲ್ಲ. ಕಾನೂನುಗಳು ಬದಲಾದ ಮೇಲೆ ಗದ್ದೆ ತೋಟಗಳು ಬೇರೆ ದಾರಿ ಹಿಡಿದುವು. ಪಿಸ್ತೂಲು ಮಾತ್ರ ಹಳೆಯ ಕಟ್ಟಿಗೆ ನಿಷ್ಠವಾಗಿ ಉಳಿಯಿತೆಂದು ಮನೆಯಲ್ಲಿ ತಮಾಷೆ ಮಾಡುವುದುಂಟು. ಮಾವ ಇಂಜಿನಿಯರಾಗಿ ಕೆಲವು ಕಾಲ ಅಮೇರಿಕೆಯಲ್ಲಿದ್ದು, 1970ರ ದಶಕದ ಕೊನೆಗೆ ಊರಿಗೆ ಮರಳಿದಾಗ ಅದನ್ನು ತಂದರು. ಪರದೇಶದಲ್ಲಿ ನೆಲಸಿ ಮರಳುವವರು ತಮ್ಮ ಆಯುಧವನ್ನು ಜೊತೆಗೆ ತರಲು ಆಗ ಅವಕಾಶವಿತ್ತು. 1980ರ ದಶಕದ ನಡುವೆ ಆ ಬಾಗಿಲೂ ಮುಚ್ಚಿತು. ತಮಗೆ ಕಣ್ಣು ಮಂಜಾಗತೊಡಗಿದಾಗ, ಗುರಿಯಭ್ಯಾಸಕ್ಕೆಂದು ನಾನು ಪಡೆದಿದ್ದ ಲೈಸನ್ಸಿಗೆ ಅದನ್ನು ಲಿಖಿತವಾಗಿ, ಕ್ರಮಪ್ರಕಾರ ವರ್ಗಮಾಡಿಸಿದರು. ಕೊಡುವಾಗ ಹೇಳಿದ್ದು ಎರಡೇ ಮಾತು. “ಒರೆಸದೆ ಒಳಗಿಡಬೇಡ. ಖಾಲಿ ಗೂಡಿಗೆ ಹೊಡೆಯಬೇಡ.”

ಮೊದಲನೆಯ ಮಾತನ್ನು ನಾನು ಪಾಲಿಸಿದೆ, ಪಾಲಿಸದೆ ಗತಿಯಿರಲಿಲ್ಲ. ಮಟ್ಟು ಎಂದರೆ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಹೊಳೆ, ನಡುವೆ ನಮ್ಮ ಮನೆ ಗದ್ದೆ ತೆಂಗು. ಇಲ್ಲಿಯ ಗಾಳಿಯಲ್ಲಿ ಉಪ್ಪು ಎಷ್ಟಿದೆ ಎಂಬುದನ್ನು ತಿಳಿಯಲು ವಿಜ್ಞಾನಿಗಳು ಬೇಕಿಲ್ಲ. ಹೊಸ ಬಾಗಿಲಿಗೆ ಹೊಡೆದ ತಿರುಗಣೆಯನ್ನು ಎರಡು ಮಳೆಗಾಲ ಕಳೆದು ನೋಡಿದರೆ ಸಾಕು. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನೆಲದಲ್ಲಿ ಉಕ್ಕು ಎಂಬುದು ಅತಿಥಿ, ಬಂದು ಹೋಗತಕ್ಕದ್ದು. ಬೆರಳಿನ ಬೆವರು ತಗಲಿದಲ್ಲಿ ಮರುದಿನ ಬೆಳಗ್ಗೆಗೆ ಕೆಂಪು ಮೂಡುತ್ತದೆ. ಚರ್ಮದ ಚೀಲದಲ್ಲಿಟ್ಟರೆ ಭದ್ರವೆಂದು ತಿಳಿಯುವವರಿದ್ದಾರೆ. ಚರ್ಮ ತೇವವನ್ನು ಹೀರಿ ಉಕ್ಕಿಗೇ ಉಣಿಸುತ್ತದೆ. ಆದ್ದರಿಂದ ಆಷಾಢದಿಂದ ನವರಾತ್ರಿಯವರೆಗೆ ವಾರಕ್ಕೊಮ್ಮೆ ಬಟ್ಟೆ, ಎಣ್ಣೆ, ಹಳೆಯ ಹಲ್ಲುಜ್ಜುವ ಕುಂಚ ಹಿಡಿದು ಕೂತುಕೊಳ್ಳುವುದು ನನ್ನ ಚಾತುರ್ಮಾಸ್ಯ ವ್ರತ. ಆಯುಧ ಪೂಜೆಯ ದಿನ ಕತ್ತಿ, ಹಾರೆ, ಹೆರೆಮಣೆಗಳ ಸಾಲಿನಲ್ಲಿ ಅದೂ ಒಂದು ಗೊಂಡೆ ಹೂವನ್ನು ಪಡೆಯುತ್ತದೆ. ಕುಂಕುಮ ಮಾತ್ರ ನಾನು ಹಚ್ಚಗೊಡಿಸುವುದಿಲ್ಲ. ಕುಂಕುಮದ ಹುಡಿ ಸಂದಿಗೆ ಸೇರಿದರೆ ದೇವರೂ ತೆಗೆಯಲಾರ.

ಎರಡನೆಯ ಮಾತನ್ನು ಮುರಿದೆ. ಅದೇ ಇವತ್ತಿನ ಕಥೆ.

ಈ ಪಿಸ್ತೂಲಿನ ತೋಟೆ ಅಂಚಿನಲ್ಲಿ ಕಿಡಿಯಾಗುವ ಜಾತಿಯದು, ರಿಮ್‌ಫೈರ್ ಎನ್ನುತ್ತಾರೆ. ದೊಡ್ಡ ತೋಟೆಗಳಲ್ಲಿ ತಳದ ನಡುವೆ ಒಂದು ಪುಟ್ಟ ಕೇಪು ಇರುತ್ತದೆ. ಮೊಳೆ ಬಂದು ಅದನ್ನು ಕುಟ್ಟಿದರೆ ಕಿಡಿ ಹಾರಿ ಮದ್ದು ಹೊತ್ತುತ್ತದೆ. ಪಾಯಿಂಟ್ ಇಪ್ಪತ್ತೆರಡರ ತೋಟೆಯಲ್ಲಿ ಬೇರೆ ಕೇಪು ಇಲ್ಲ. ಹಿತ್ತಾಳೆಯ ತಳವನ್ನೇ ಹೊರಕ್ಕೆ ಮಡಚಿ ಅಂಚು ಮಾಡಿ, ಆ ಮಡಿಕೆಯ ಒಳಗೆ ಕಿಡಿಯ ಮದ್ದನ್ನು ಲೇಪಿಸಿರುತ್ತಾರೆ. ಮೊಳೆ ಅಂಚಿನ ಮೇಲೆ ಬಿದ್ದು, ಅಂಚು ನಳಿಗೆಯ ಬಾಯಿಯ ಉಕ್ಕಿಗೆ ಒತ್ತಿ, ನಡುವೆ ಮದ್ದು ಹಿಚುಕಿಕೊಂಡಾಗ ಈಡಾಗುತ್ತದೆ. 1845ರಲ್ಲಿ ಫ್ಲೋಬೇರ್ ಎಂಬ ಫ್ರೆಂಚ್ ಕಸುಬಿಗ ಇದರ ಮೂಲರೂಪವನ್ನು ಕಂಡುಹಿಡಿದ. 1857ರಲ್ಲಿ ಅಮೇರಿಕದ ಸ್ಮಿತ್ ಮತ್ತು ವೆಸ್ಸನ್ ಅದಕ್ಕೆ ಮದ್ದು ತುಂಬಿ ರಿವಾಲ್ವರಿಗೆ ತಂದರು. ಇಂದು ಜಗತ್ತೆಲ್ಲ ಬಳಸುವ ಉದ್ದನೆಯ ತೋಟೆ 1887ರದು. ಅಗ್ಗ, ಮೆಲುದನಿ, ಹಿಂದೊದೆತವಿಲ್ಲ. ಎನ್‌ಸಿಸಿಯಲ್ಲಿದ್ದವರೆಲ್ಲ ಜೀವಮಾನದ ಮೊದಲ ಐದು ಗುಂಡುಗಳನ್ನು ನೆಲಕ್ಕೆ ಹೊಟ್ಟೆ ಹಚ್ಚಿ ಹೊಡೆದದ್ದು ಈ ತೋಟೆಯಿಂದಲೇ.

ಆದರೆ ಈ ಉಪಾಯದಲ್ಲಿ ಒಂದು ಎಡವಟ್ಟು ಅಡಗಿದೆ. ಗೂಡಿನಲ್ಲಿ ತೋಟೆ ಇಲ್ಲದೆ ಟ್ರಿಗರ್ ಎಳೆದರೆ, ಹಿತ್ತಾಳೆಯ ಮೇಲೆ ಬೀಳಬೇಕಾದ ಮೊಳೆ ಉಕ್ಕಿನ ಮೇಲೆ ಬೀಳುವ ಅಪಾಯವುಂಟು. ಒಮ್ಮೆ ಬಿದ್ದರೆ ಏನೂ ಆಗದು. ಸಾವಿರ ಸಲ ಬಿದ್ದರೆ ಆಗುತ್ತದೆ. ಗುರಿಯಭ್ಯಾಸಿಗೆ ಖಾಲಿ ಹೊಡೆತವೆಂಬುದು ಸಂಗೀತಗಾರನ ಸರಳೆವರಸೆಯಂತೆ, ದಿನವೂ ಬೇಕು. ಸುಟ್ಟ ತೋಟೆಯ ಸಿಪ್ಪೆಯೊಂದನ್ನು ಗೂಡಿನಲ್ಲಿಟ್ಟು, ಆಗಾಗ ತಿರುಗಿಸುತ್ತ ಎಳೆದರೆ ಕೇಡಿಲ್ಲ. ಸೋಮಾರಿತನದಿಂದ ನಾನು ಕೆಲವು ತಿಂಗಳು ಅದನ್ನು ಬಿಟ್ಟೆ. ಗೋಡೆಯ ಮೇಲೆ ಒಂದು ಚುಕ್ಕೆ, ಸಾಯಂಕಾಲ ಅರ್ಧ ಗಂಟೆ, ಟಕ್ ಟಕ್ ಎಂಬ ಸದ್ದು. ಮಾವನಿಲ್ಲದ ಮನೆಯಲ್ಲಿ ಕೇಳುವವರಾರು?

ಒಂದು ಭಾನುವಾರ ಗುರಿಮನೆಯಲ್ಲಿ ಈಡು ಹಾರಲಿಲ್ಲ. ಹಾರದಾಗ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕೆಂಬುದು ನಿಯಮ. ತಡವಾಗಿ ಸಿಡಿಯುವ ತೋಟೆಗಳಿರುತ್ತವೆ. ಕಾದೆ. ತೆಗೆದು ಇನ್ನೊಂದು ಹಾಕಿದೆ. ಹತ್ತರಲ್ಲಿ ಮೂರು ಮೂಕವಾದುವು. ತೋಟೆಯ ಪೆಟ್ಟಿಗೆಗೆ ಬೈದೆ, ಹವೆಗೆ ಬೈದೆ. ಮೂಕ ತೋಟೆಗಳನ್ನು ಮನೆಗೆ ತರುವಂತಿಲ್ಲವಾದ್ದರಿಂದ ಅಲ್ಲಿಯೇ ಭೂತಗನ್ನಡಿ ಹಿಡಿದು ನೋಡಿದಾಗ ಬೈಗುಳ ಬಾಯಲ್ಲೇ ಉಳಿಯಿತು. ಅಂಚಿನ ಮೇಲೆ ಚೌಕವಾಗಿ ಇರಬೇಕಾಗಿದ್ದ ಗುರುತು ಒಂದು ಮಗ್ಗುಲಲ್ಲಿ ಇರಲೇ ಇಲ್ಲ. ಫೈರಿಂಗ್ ಪಿನ್ನಿನ ತುದಿಯಿಂದ ಅರ್ಧ ಎಳ್ಳುಕಾಳಿನಷ್ಟು ಉಕ್ಕು ಹಾರಿಹೋಗಿತ್ತು. ಒಂದು ಕಿಲೋ ಮೀರಿದ ಯಂತ್ರ, ಅರ್ಧ ಎಳ್ಳುಕಾಳು.

ಇಂಥ ಅನುಭವ ನನ್ನೊಬ್ಬನದಲ್ಲ. 2021ರ ಜುಲೈ ತಿಂಗಳಲ್ಲಿ ಟೋಕಿಯೋದ ಒಲಿಂಪಿಕ್ಸಿನಲ್ಲಿ, ಹತ್ತು ಮೀಟರ್ ಗಾಳಿ ಪಿಸ್ತೂಲಿನ ಅರ್ಹತಾ ಸುತ್ತಿನ ನಡುವೆ ನಮ್ಮ ಮನು ಭಾಕರಳ ಪಿಸ್ತೂಲಿನ ಸನ್ನೆಯೊಂದು ಕೆಟ್ಟಿತು. ಗಡಿಯಾರ ಓಡುತ್ತಲೇ ಇತ್ತು. ರಿಪೇರಿಯಾಗಿ ಬರುವಷ್ಟರಲ್ಲಿ ಸಮಯ ಸೋರಿತ್ತು. 575 ಅಂಕ, ಹನ್ನೆರಡನೆಯ ಸ್ಥಾನ, ಅಂತಿಮ ಸುತ್ತಿಗೆ ಎರಡು ಅಂಕ ಕಡಮೆ. 2024ರಲ್ಲಿ ಪ್ಯಾರಿಸಿನಲ್ಲಿ ಆಕೆ ಎರಡು ಕಂಚು ಗೆದ್ದಾಗ ದೇಶವೆಲ್ಲ ಆಕೆಯ ಮುಖವನ್ನು ನೋಡಿತು; ನಾನು ಆ ಸನ್ನೆಯನ್ನು ನೋಡುತ್ತಿದ್ದೆ. ಆಕೆಯ ಪಿಸ್ತೂಲಿಗೆ ಕಾರ್ಖಾನೆ ಇತ್ತು, ಬದಲಿ ಇತ್ತು. ಕಾರ್ಖಾನೆಯೇ ಇಲ್ಲದವನ ಪಾಡು ಬೇರೆ.

ಕಾರ್ಖಾನೆ ಮುಚ್ಚುವುದೊಂದೇ ಪಿಸ್ತೂಲಿನ ಮರಣವಲ್ಲ ಎಂಬುದನ್ನೂ ಹೇಳಬೇಕು. ಕ್ಷಿಪ್ರ ಪಿಸ್ತೂಲು ಸ್ಪರ್ಧೆಯಲ್ಲಿ ಐದು ಗುರಿಗಳಿಗೆ ಐದು ಈಡು, ಮೊದಲು ಎಂಟು ಸೆಕೆಂಡಿನಲ್ಲಿ, ಆಮೇಲೆ ಆರು, ಕೊನೆಗೆ ನಾಲ್ಕು ಸೆಕೆಂಡಿನಲ್ಲಿ. ಹಿಂದೆ ಇದಕ್ಕೆ ಗಿಡ್ಡ ತೋಟೆಯ ಪಿಸ್ತೂಲುಗಳಿದ್ದುವು. 2005ರಲ್ಲಿ ನಿಯಮ ಬದಲಾಗಿ ಉದ್ದ ತೋಟೆಯೇ ಆಗಬೇಕೆಂದಾಯಿತು. ಒಂದೇ ಪ್ರಕಟಣೆಗೆ ಜಗತ್ತಿನ ಶ್ರೇಷ್ಠ ಪಿಸ್ತೂಲುಗಳು ಕಪಾಟಿನ ಬೊಂಬೆಗಳಾದುವು. ಐವತ್ತು ಮೀಟರಿನ ಪಿಸ್ತೂಲು 2016ರ ರಿಯೋ ಒಲಿಂಪಿಕ್ಸಿನ ಅನಂತರ ಒಲಿಂಪಿಕ್ಸಿನಿಂದಲೇ ಹೊರಬಿತ್ತು. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು ಆ ಕೊನೆಯ ಸ್ಪರ್ಧೆಯಲ್ಲಿ ಭಾಗವಹಿಸಿದವರಲ್ಲೊಬ್ಬರು. ಒಂದೊಂದೇ ಈಡಿನ, ಕೈಗೆ ಗವಸಿನಂತೆ ಕೂರುವ ಹಿಡಿಯ, ಮುಟ್ಟಿದರೆ ಸಿಡಿಯುವಷ್ಟು ನವುರಾದ ಟ್ರಿಗರಿನ ಆ ಪಿಸ್ತೂಲುಗಳನ್ನು ಒಮ್ಮೆ ಹಿಡಿದು ನೋಡಿದವರಿಗೆ ಆ ನಿರ್ಣಯ ಇನ್ನೂ ಹೊಟ್ಟೆ ಉರಿಸುತ್ತದೆ. ನನಗಂತೂ ಉರಿಸುತ್ತದೆ.

ಪಿನ್ನು ಮುರಿದಾಗ ನಾನು ಮೊದಲು ಹೋದದ್ದು ನಮ್ಮ ಊರಿನ ಆಚಾರಿಯಲ್ಲಿಗೆ. ಕಮ್ಮಾರಸಾಲೆ ಅವನ ಅಜ್ಜನ ಕಾಲದ್ದು. ಆ ಅಜ್ಜ ಸುತ್ತಲಿನ ಮನೆಗಳ ಕೇಪಿನ ಕೋವಿಗಳಿಗೆ ಕುದುರೆ ಕಟ್ಟುತ್ತಿದ್ದವನೆಂದು ಹಿರಿಯರು ಹೇಳುವುದಿತ್ತು. ಕೆದಂಬಾಡಿ ಜತ್ತಪ್ಪ ರೈಗಳ ಬೇಟೆಯ ನೆನಪುಗಳನ್ನು ಓದಿದವರಿಗೆ ಆ ಕಾಲದ ಕೋವಿಯೆಂದರೆ ಏನೆಂದು ನಾನು ವಿವರಿಸಬೇಕಾಗಿಲ್ಲ. 1972ರ ವನ್ಯಜೀವಿ ಕಾಯಿದೆ ಬೇಟೆಯನ್ನು ನಿಲ್ಲಿಸಿತು; ಕೋವಿಗಳು ಬೆಳೆ ಕಾಯುವ ಹೆಸರಿನಲ್ಲಿ ಉಳಿದುವು. ನಮ್ಮ ಮನೆಯಲ್ಲೂ ಅಜ್ಜನದೊಂದು ಉಳಿದಿದೆ, ಲೈಸನ್ಸಿನೊಂದಿಗೆ. ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಯ್ದಿಟ್ಟು, ಮುಗಿದ ಮೇಲೆ ತರುವುದೊಂದು ಸಂಪ್ರದಾಯ. ಅಷ್ಟರಲ್ಲಿ ಹಂದಿಗಳು ತಮ್ಮ ಮತ ಚಲಾಯಿಸಿರುತ್ತವೆ.

ಆಚಾರಿ ಮುರಿದ ಪಿನ್ನನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ತಿರುಗಿಸಿದ. ಉಕ್ಕಿನ ಜಾತಿ ಯಾವುದು, ಎಷ್ಟು ಹದ ಕೊಟ್ಟಿದ್ದಾರೆ ಎಂಬುದನ್ನು ಉಗುರಿನಿಂದ ತಟ್ಟಿಯೇ ಹೇಳಿದ. ಮಾಡಬಲ್ಲನೆಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ. ಅನಂತರ ಅವನು ಅದನ್ನು ಮೆಲ್ಲನೆ ನನ್ನ ಕೈಗೆ ಮರಳಿಸಿದ.

“ಮಾಸ್ಟ್ರೇ, ಇದು ಕೋವಿಯದಲ್ವಾ?”

“ಪಿಸ್ತೂಲಿನದ್ದು. ಲೈಸನ್ಸು ಉಂಟು ಮಾರಾಯ.”

“ಲೈಸನ್ಸು ನಿಮಗೆ ಉಂಟು ಮಾಸ್ಟ್ರೇ. ನನಗೆ ಇಲ್ವಲ್ಲ?”

ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ಆ ಕ್ಷಣದಲ್ಲಿ ಹಿಂದಿನ ಬೆಂಚಿನ ಹುಡುಗನಂತೆ ನಿಂತೆ. 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದ 1959ರ ಆಯುಧ ಕಾಯಿದೆಯಲ್ಲಿ ಬಂದೂಕು ಎಂದರೆ ಇಡೀ ಬಂದೂಕು ಮಾತ್ರವಲ್ಲ. ಅದರ ಬಿಡಿಭಾಗಗಳೂ ಬಂದೂಕೇ. ಪರವಾನಗಿಯಿಲ್ಲದೆ ಮಾಡುವಂತಿಲ್ಲ, ಮಾರುವಂತಿಲ್ಲ, ರಿಪೇರಿ ಕೂಡ ಮಾಡುವಂತಿಲ್ಲ. ಇದನ್ನು ನಾನು ಓದಿದ್ದೆ. ಓದಿಯೂ ಸಂಜೆಯ ಹೊತ್ತಿಗೆ ಒಬ್ಬ ಬಡ ಕಸುಬುದಾರನ ಬಾಗಿಲಿಗೆ ಹೋಗಿ, ಅವನ ಕೈಚಳಕವನ್ನು ಹೊಗಳಿ, ಅವನನ್ನು ಜೈಲಿನ ದಾರಿಗೆ ಕರೆದಿದ್ದೆ. ಅರ್ಧ ಎಳ್ಳುಕಾಳಿನ ಉಕ್ಕಿಗಾಗಿ! ಅವನು ಚಹಾ ಕುಡಿಸಿಯೇ ಕಳಿಸಿದ. ದಾರಿಯಲ್ಲಿ ನನಗೆ ಕಾಯಿದೆಯ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು. ಕೊಡಗಿನವರಿಗೆ 1861ರಲ್ಲಿ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ ರೂಪ ಬದಲಿಸಿಕೊಂಡು ಇಂದಿಗೂ ಉಳಿದಿದೆ, ನಮಗೇಕಿಲ್ಲ ಎಂದು ಕೂಡ ತರ್ಕಿಸಿದೆ. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಕುಲುಮೆಯಲ್ಲಿ ಪಿಸ್ತೂಲಿನ ಭಾಗ ಮಾಡುವುದಕ್ಕಲ್ಲ. ಹೊಳೆ ದಾಟುವಷ್ಟರಲ್ಲಿ ಸಿಟ್ಟು ಇಳಿದು ನಾಚಿಕೆ ಉಳಿಯಿತು.

ಆಮೇಲೆ ನ್ಯಾಯವಾದ ದಾರಿ ಹಿಡಿದೆ. ಅಮೇರಿಕೆಯಲ್ಲಿ ಹಳೆಯ ಭಾಗಗಳನ್ನು ಕೂಡಿಟ್ಟು ಮಾರುವವರಿದ್ದಾರೆ. ಆದರೆ ಅಲ್ಲಿಂದ ಹೊರಕ್ಕೆ ಕಳಿಸಲು ಅಲ್ಲಿಯ ಸರಕಾರದ ಅಪ್ಪಣೆ, ಇಲ್ಲಿಗೆ ಬರಿಸಲು ಇಲ್ಲಿಯ ಅಪ್ಪಣೆ. ಹೆಸರಾಂತ ಕ್ರೀಡಾಪಟುಗಳಿಗಾದರೆ ಅದಕ್ಕೆ ಕ್ರಮವುಂಟು. ಮಟ್ಟುವಿನ ನಿವೃತ್ತ ಮಾಸ್ತರನಿಗೆ ಹೆಸರೂ ಇಲ್ಲ, ಅಂಕವೂ ಇಲ್ಲ. ಲೈಸನ್ಸುಳ್ಳ ಕೋವಿ ಅಂಗಡಿಗಳಿಗೆ ಪತ್ರ ಬರೆದೆ. ಕೆಲವರು ಉತ್ತರಿಸಲಿಲ್ಲ, ಒಬ್ಬರು ಪಿಸ್ತೂಲನ್ನೇ ಮಾರಿಬಿಡಿ ಎಂದರು. ಹೀಗೆ ಬರೆಯುತ್ತ ಕೂತಾಗ ಕಿಟಕಿಯಾಚೆ ನೆರೆಮನೆಯವರು ಗುಳ್ಳದ ಗದ್ದೆಯಲ್ಲಿ ಬೀಜಕ್ಕೆಂದು ಕಾಯಿ ಬಿಟ್ಟುಕೊಂಡಿದ್ದರು. ವಾದಿರಾಜರು ಕೊಟ್ಟ ಬೀಜವೆಂದು ಜನ ನಂಬುವ ಈ ಬದನೆಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಸರಕಾರ ಗುರುತಿಸುವುದಕ್ಕೆ ಮೊದಲೂ ವರ್ಷವರ್ಷ ಹಣ್ಣಿನಿಂದ ಬೀಜ, ಬೀಜದಿಂದ ಗಿಡ ಆಗುತ್ತಲೇ ಇತ್ತು. ಉಕ್ಕಿಗೆ ಆ ಭಾಗ್ಯವಿಲ್ಲ. ಮಾಡಿದವನು ಕೈಬಿಟ್ಟ ದಿನದಿಂದ ಅದರ ಸಂಖ್ಯೆ ಇಳಿಯುತ್ತಲೇ ಹೋಗತಕ್ಕದ್ದು.

ಏಳೆಂಟು ತಿಂಗಳಾದ ಮೇಲೆ ದೂರದ ಊರಿನ ಒಬ್ಬ ಅಂಗಡಿಯವರಿಂದ ಕಾಗದ ಬಂತು. ಅವರಲ್ಲಿ ಅದೇ ಕಂಪೆನಿಯ, ಅದೇ ಮಾದರಿಯ ಇನ್ನೊಂದು ಪಿಸ್ತೂಲು ಠೇವಣಿಯಲ್ಲಿತ್ತು. ಒಡೆಯರು ತೀರಿಕೊಂಡಿದ್ದರು, ಮನೆಯವರು ಕ್ರಮದಂತೆ ಅಂಗಡಿಗೆ ಒಪ್ಪಿಸಿ, ಕೊನೆಗೆ ಅಂಗಡಿಗೇ ಮಾರಿದ್ದರು. ಕೊಳ್ಳುವವರಿಲ್ಲ. ನೋಡಬೇಕಾದರೆ ಬನ್ನಿ ಎಂದಿದ್ದರು.

ಹೋಗಿ ನೋಡಿದೆ. ನೋಡಬಾರದಾಗಿತ್ತು. ನನ್ನದಕ್ಕಿಂತ ಅದು ಚೆನ್ನಾಗಿತ್ತು. ಸಮುದ್ರವನ್ನು ಕಾಣದ ಊರಿನಲ್ಲಿ ಬಾಳಿದ ಉಕ್ಕು. ನೀಲಿ ಬಣ್ಣ ಒಂದೆಡೆಯೂ ಮಾಸಿರಲಿಲ್ಲ. ಮುಂಭಾಗದ ಗುಂಡಿ ಒತ್ತಿದರೆ ನಳಿಗೆ ಎದ್ದು ಕೈಗೆ ಬರುವ ಅದೇ ಏರ್ಪಾಡು; ನಳಿಗೆಯೊಳಗೆ ಕಣ್ಣಿಟ್ಟರೆ ಸುರುಳಿಗಳು ಕನ್ನಡಿಯಂತೆ ಹೊಳೆದುವು. ಮರದ ಹಿಡಿಯ ಮೇಲೆ ಮಾತ್ರ ಹೆಬ್ಬೆರಳಿನ ಜಾಗ ಸವೆದು ತಗ್ಗಾಗಿತ್ತು. ಕಂಡಿಲ್ಲದ ಆ ಮನುಷ್ಯ ನನ್ನಂತೆಯೇ ಎಷ್ಟು ಭಾನುವಾರಗಳನ್ನು ಕಳೆದಿದ್ದನೋ.

ಅದನ್ನೇ ಕೊಂಡು ನನ್ನದನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳೋಣವೆಂದರೆ ಲೆಕ್ಕ ಕೂಡಿಬರಲಿಲ್ಲ. ಒಬ್ಬನಿಗೆ ಮೂರು ಆಯುಧಗಳವರೆಗೆ ಇದ್ದ ಮಿತಿಯನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿದೆ. ಅಜ್ಜನ ಕೋವಿ ಒಂದು, ಮಾವನ ಪಿಸ್ತೂಲು ಒಂದು, ಅಲ್ಲಿಗೆ ಮುಗಿಯಿತು. ಮೂರನೆಯದನ್ನು ಮನೆಗೆ ತರಬೇಕಾದರೆ ಅಜ್ಜನನ್ನೋ ಮಾವನನ್ನೋ ಹೊರಗೆ ಹಾಕಬೇಕು. ಉಳಿದ ದಾರಿ ಒಂದೇ: ಅಂಗಡಿಯವರು ತಮ್ಮ ಪರವಾನಗಿಯ ಮೇಲೆ, ತಮ್ಮ ಮೇಜಿನ ಮೇಲೆಯೇ, ಅದರ ಪಿನ್ನು ತೆಗೆದು ನನ್ನದಕ್ಕೆ ಕೂರಿಸುವುದು. ಅವರು ತಿರುಗಣೆಮೊಳೆ ಕೈಗೆತ್ತಿಕೊಳ್ಳುವ ಮೊದಲು ಕೇಳಿದರು: “ಯೋಚಿಸಿ ಸರ್. ಇದರದ್ದು ತೆಗೆದರೆ ಇದು ಇನ್ನು ಮೂಕ. ಒಳ್ಳೆಯದು ಇದು, ನಿಮ್ಮದು ಹಳತು.”

ಅವರ ಮಾತು ನೂರಕ್ಕೆ ನೂರು ಸರಿ. ಎರಡನ್ನೂ ಕಾಣದ ಮೂರನೆಯವನೊಬ್ಬ ತೀರ್ಪು ಕೊಡಬೇಕಾಗಿದ್ದರೆ ನನ್ನದನ್ನೇ ಕೊಲ್ಲಬೇಕೆನ್ನುತ್ತಿದ್ದ. ಎರಡು ಪಿಸ್ತೂಲುಗಳ ನಡುವೆ ಒಂದೇ ಜೀವ. ಅದನ್ನು ಎತ್ತಿ ಎಲ್ಲಿಡಬೇಕೆಂಬುದು ನನ್ನ ಬಾಯಿಯಿಂದ ಹೊರಡಬೇಕು. ನನ್ನ ಹಠಕ್ಕೆ ಸಮರ್ಥನೆಯೇನೂ ಇರಲಿಲ್ಲ, ಮಾವ ಕೊಟ್ಟದ್ದು ಎಂಬುದರ ಹೊರತು. ಆ ಸವೆದ ಹಿಡಿಯವನಿಗೂ ಒಬ್ಬ ಅಳಿಯನಿದ್ದಿದ್ದರೆ? ತೆಗೆಯಿರಿ ಎಂದೆ. ಕೆಲಸಕ್ಕೆ ಹಿಡಿದದ್ದು ಹತ್ತು ನಿಮಿಷ. ಮಾಡಿದ್ದು ಸರಿಯೆಂದು ಎದೆ ತಟ್ಟಿ ಹೇಳಲು ಇಂದಿಗೂ ನನ್ನಿಂದಾಗುವುದಿಲ್ಲ.

ಈಗ ಈಡು ತಪ್ಪುವುದಿಲ್ಲ. ಅಂಚಿನ ಗುರುತು ಚೌಕವಾಗಿ, ಆಳವಾಗಿ ಬೀಳುತ್ತದೆ. ಗೋಡೆಯ ಚುಕ್ಕೆಗೆ ಎಳೆಯುವಾಗ ಗೂಡಿನಲ್ಲಿ ಸುಟ್ಟ ಸಿಪ್ಪೆ ಇದೆಯೇ ಎಂದು ಎರಡು ಸಲ ನೋಡುತ್ತೇನೆ. ಆಚಾರಿ ದಾರಿಯಲ್ಲಿ ಸಿಕ್ಕಾಗ “ಸರಿಯಾಯ್ತಾ ಮಾಸ್ಟ್ರೇ?” ಎಂದು ಕೇಳಿದ. ಆಯಿತೆಂದೆ. ಯಾರು ಮಾಡಿದರೆಂದು ಕೇಳಲಿಲ್ಲ. ಯಾವ ಉಕ್ಕು ಎಂದಷ್ಟೇ ಕೇಳಿದ.

ಆ ಇನ್ನೊಂದು ಪಿಸ್ತೂಲಿನ ತೋಟೆ ತುಂಬುವ ಮ್ಯಾಗಜೀನನ್ನೂ ನನಗಾಗಿ ಇಟ್ಟಿರಬೇಕೆಂದು ಬರುವಾಗ ಮುಂಗಡ ಕೊಟ್ಟಿದ್ದೆ. ಈ ಮಾದರಿಯಲ್ಲಿ ಬೇಗ ಸೋಲುವುದು ಅದೇ. ಮೇಲ್ತುಟಿ ಕೂದಲೆಳೆಯಷ್ಟು ಬಾಗಿದರೂ ತೋಟೆ ಗೂಡಿನ ದಾರಿ ತಪ್ಪುತ್ತದೆ. ಕಳೆದ ವಾರ ಅಂಗಡಿಯವರ ಕಾಗದ ಬಂದಿದೆ. ಅದೇ ಪಿಸ್ತೂಲನ್ನು ಇಟ್ಟುಕೊಂಡಿರುವ ಮತ್ತೊಬ್ಬರು ಎಲ್ಲಿಯೋ ಇದ್ದಾರಂತೆ; ಅವರಲ್ಲಿ ಇದ್ದ ಒಂದೇ ಮ್ಯಾಗಜೀನು ಒಡೆದಿದೆಯಂತೆ. ಕೊಟ್ಟುಬಿಡಿ ಎಂದು ಬರೆದಿದ್ದೇನೆ. ನನ್ನಲ್ಲಿ ಎರಡಿವೆ. ಒಂದರ ತುಟಿ ಮಾತ್ರ ಸ್ವಲ್ಪ ಬಾಗಿದೆ.